ಒಂದು ಟಿಕ್, ಎರಡು ಕೆಂಪು ಗೆರೆ

ದೊಡ್ಡಪ್ಪ ಫೋನಿಟ್ಟದ್ದೇ ತಡ, ಶಾವ್‌ಮಿನ್ ತನ್ನ ಜೆರಾಕ್ಸ್ ಅಂಗಡಿಯ ಕುರ್ಚಿಯಿಂದ ಎದ್ದು ಗಿರ್ರನೆ ಒಂದು ಸುತ್ತು ತಿರುಗಿಬಿಟ್ಟಳು. ನಕಲು ತೆಗೆಸಲು ಬಂದಿದ್ದ ಹೆಂಗಸು ಗಾಬರಿಯಾಗಿ ಹಿಂದೆ ಸರಿದಳು.

"ಏನಮ್ಮಾ, ಲಾಟರಿ ಹೊಡೀತಾ?"

"ಅದಕ್ಕಿಂತ ದೊಡ್ಡದು ಅಕ್ಕಾ! ನಮ್ಮ ಮನೆತನದ ವಂಶಾವಳಿಗೆ ಸಾಫ್ಟ್‌ವೇರ್ ಆರಿಸೋ ಕೆಲಸ ನನ್ನ ಪಾಲಿಗೆ ಬಂತು!"

"ಅಷ್ಟೇನಾ," ಎಂದು ಹೆಂಗಸು ತನ್ನ ಕಾಗದ ಎತ್ತಿಕೊಂಡು ಹೊರಟಳು.

ಅವಳಿಗೇನು ಗೊತ್ತು! ಚೀನಾದ ಶಿಕೆಂಗ್ ಊರಿನ ಲೈ ಮನೆತನದವರು ಒಂದು ತಲೆಮಾರಿಗೊಮ್ಮೆ ವಂಶಾವಳಿಯನ್ನು ಹೊಸದಾಗಿ ಬರೆಸುತ್ತಾರೆ. ಕಳೆದ ಸಲ ಕುಂಚ ಹಿಡಿದು ಬರೆಯುವವರನ್ನು ಕರೆಸಿ, ಅವರಿಗೆ ತಿಂಗಳುಗಟ್ಟಲೆ ಅಕ್ಕಿಮದ್ಯ ಕುಡಿಸಿ ಬರೆಸಿದ್ದರು. ಈಗ ಅಂಥವರೂ ಇಲ್ಲ, ಅಷ್ಟು ಮದ್ಯ ಸುರಿಯುವ ತಾಳ್ಮೆಯೂ ಇಲ್ಲ. ಕಂಪ್ಯೂಟರಿನಲ್ಲೇ ಆಗಲಿ ಎಂದು ಹಿರಿಯರು ತೀರ್ಮಾನಿಸಿದರು. ಊರಿನ ಹುಡುಗಿ, ಪೇಟೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದಾಳೆ, ಮನೆಯವಳೇ ಆದ್ದರಿಂದ ಮೋಸ ಮಾಡುವುದಿಲ್ಲ ಎಂದು ಸಮಿತಿಯ ಮುಖ್ಯಸ್ಥನಾದ ದೊಡ್ಡಪ್ಪ ತಿಂಗ್‌ಗುಯ್ ಶಾವ್‌ಮಿನ್ ಹೆಸರು ಹೇಳಿದ್ದ.

ಇದರಲ್ಲೊಂದು ತಮಾಷೆಯಿತ್ತು. ಯಾವ ಪುಸ್ತಕಕ್ಕೆ ಅವಳು ಸಾಫ್ಟ್‌ವೇರ್ ಹುಡುಕಬೇಕೋ ಆ ಪುಸ್ತಕದಲ್ಲಿ ಅವಳೇ ಇರಲಿಲ್ಲ. ಅದರಲ್ಲಿ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಕೆಂಪು ಗೆರೆ ಇಳಿಯುತ್ತದೆ. ಹೆಣ್ಣುಮಕ್ಕಳಿಗೆ ಗೆರೆಯಿಲ್ಲ. ಅಪ್ಪನ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ "ಮಗಳು ಒಬ್ಬಳು, ಇಂಥ ಊರಿಗೆ ಕೊಟ್ಟಿದೆ" ಎಂದಿದ್ದರೆ ಅದೇ ಹೆಚ್ಚು. ಗಂಡುಮಗನಿಲ್ಲದೆ ಹೋದವನ ಕೆಳಗೆ ಒಂದೇ ಮಾತು ಬರೆಯುತ್ತಾರೆ: "ನಿಂತಿತು."

ಅವಳ ಅಪ್ಪ ತಿಂಗ್‌ಹುವಾನಿಗೆ ಇದ್ದವಳು ಅವಳೊಬ್ಬಳೇ. ಕಳೆದ ಸಲ ಪುಸ್ತಕ ಬರೆಯುವಾಗ ದೊಡ್ಡಪ್ಪನೇ ಬಂದು, "ನನ್ನ ಎರಡನೇ ಮಗನ್ನ ನಿನ್ನ ಮಗ ಅಂತ ಬರೆಸೋಣ ಕಣೋ, ನಿನ್ನ ಗೆರೆ ಉಳಿಯುತ್ತೆ," ಎಂದಿದ್ದ. ಪ್ರೀತಿಯಿಂದಲೇ ಹೇಳಿದ್ದ. ಸೋಯಾ ಹಾಲಿನ ತೋಫು ಮಾಡಿ ಮಾರುವ ಅಪ್ಪ ಹಾಲು ಕದಡುತ್ತಾ, "ನಂಗೆ ಮಗು ಇದೆಯಲ್ಲಣ್ಣ," ಎಂದಿದ್ದ. ಮಾತು ಅಲ್ಲಿಗೇ ಮುರಿಯಿತು. ಅಂದಿನಿಂದ ಗತಿಸಿದ ಹಿರಿಯರ ಹೆಸರಿನ ಮಂದಿರದ ಪ್ರತಿ ಊಟಕ್ಕೂ ಅಪ್ಪನ ತೋಫು ಹೋಗುತ್ತದೆ, ಅಪ್ಪ ಮಾತ್ರ ಹೋಗುವುದಿಲ್ಲ. ಬಕೆಟ್ಟನ್ನು ಒಳಗೆ ಕಳಿಸಿ, ತಾನು ಹೊಸ್ತಿಲಿನ ಆಚೆ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಾನೆ. ಅವನೀಗ ಮುದುಕ. ಮುಂದಿನ ಪುಸ್ತಕದ ಹೊತ್ತಿಗೆ ಇರುವವನಲ್ಲ. ಅವನ ಹೆಸರಿನ ಕೆಳಗೆ ಏನು ಬೀಳುತ್ತದೆ ಎನ್ನುವುದು ಈ ಸಲವೇ ತೀರ್ಮಾನವಾಗಬೇಕು.

ಶಾವ್‌ಮಿನ್ ಹುರುಪಿನಿಂದ ಕೆಲಸಕ್ಕೆ ಬಿದ್ದಳು. ಯಾವ ಸಾಫ್ಟ್‌ವೇರ್ ಸಿಕ್ಕರೂ ಮೊದಲು ನಾಲ್ಕನೇ ಅಜ್ಜನನ್ನು ಅದರೊಳಗೆ ತುರುಕುವುದು ಅವಳ ಪರೀಕ್ಷೆ. ಮನೆತನದಲ್ಲಿ ಬದುಕಿರುವವರಲ್ಲಿ ಎಲ್ಲರಿಗಿಂತ ಹಿರಿಯ ಈ ನಾಲ್ಕನೇ ಅಜ್ಜ. ಹಲ್ಲಿಲ್ಲದಿದ್ದರೂ ಬಾಯಿ ಜೋರು. ಅವನ ಅಪ್ಪ, ದೊಡ್ಡಪ್ಪ ಇಬ್ಬರಿಗೂ ಸೇರಿ ಇದ್ದ ಗಂಡುಕೂಸು ಅವನೊಬ್ಬನೇ. ಹಾಗಾಗಿ ಎರಡು ಮನೆಗೂ ಅವನೇ ಮಗನಾದ. ಇಂದಿಗೂ ಇಬ್ಬರು ಅಪ್ಪಂದಿರಿಗೆ ಊದುಬತ್ತಿ ಹಚ್ಚುತ್ತಾನೆ. ಹಿರಿಮಗನನ್ನು ಹೆತ್ತಪ್ಪನ ಮನೆಗೆ ಬರೆಸಿದ್ದಾನೆ, ಕಿರಿಮಗನನ್ನು ದೊಡ್ಡಪ್ಪನ ಮನೆಗೆ.

ಮೊದಲನೆಯದು ವಿದೇಶದ ಸಾಫ್ಟ್‌ವೇರ್. ನೋಡಲು ಮದುವೆ ಆಲ್ಬಮ್ಮಿನಂತೆ ಚೆಂದ. ಆದರೆ ಮೊದಲು ಬರಬೇಕಾದ ಮನೆತನದ ಹೆಸರನ್ನು ಒಯ್ದು ಬಾಲಕ್ಕೆ ಅಂಟಿಸಿತು. ಅಜ್ಜನಿಗೆ ಎರಡನೇ ಅಪ್ಪನನ್ನು ಸೇರಿಸಲು ಹೋದರೆ "ಇವರ ತಾಯಿ ಮರುಮದುವೆಯಾದರೇ?" ಎಂದು ಕೇಳಿತು. ಅಜ್ಜನ ಕಿವಿಗೆ ಇದು ಬಿದ್ದರೆ ಕಂಪ್ಯೂಟರನ್ನೇ ಬಾವಿಗೆ ಹಾಕುತ್ತಾನೆ ಎಂದು ಶಾವ್‌ಮಿನ್ ಬೇಗ ಅದನ್ನು ಮುಚ್ಚಿದಳು.

ಎರಡನೆಯದು ಫೋನಿನಲ್ಲೇ ನಡೆಯುವಂಥದ್ದು, ಪುಕ್ಕಟೆ. ಎರಡು ದಿನ ಸುಮ್ಮನಿತ್ತು. ಮೂರನೇ ದಿನ ಮಿಂಗ್ ದೊರೆಗಳ ಕಾಲದ ಮೂಲಪುರುಷನಿಗೆ ಹುಟ್ಟುಹಬ್ಬದ ಶುಭಾಶಯ ಹೇಳಿ, ಇವರಿಗೊಂದು ಕೇಕು ಕಳಿಸುತ್ತೀರಾ ಎಂದು ಮನೆತನದ ಎಲ್ಲರ ಫೋನಿಗೂ ಸಂದೇಶ ಹಾಕಿತು. ದೊಡ್ಡಪ್ಪ ಫೋನ್ ಮಾಡಿ ಬೈದ ಬೈಗುಳ ಪಕ್ಕದ ಬಟ್ಟೆ ಅಂಗಡಿಗೂ ಕೇಳಿಸಿತು.

ಮೂರನೆಯದರ ಹೆಸರು "ನೂರು ಬೇರು." ಇದು ನಮ್ಮವರೇ ಮಾಡಿದ್ದು. ಹೆಸರುಗಳನ್ನು ಮೇಲಿಂದ ಕೆಳಕ್ಕೆ, ಬಲದಿಂದ ಎಡಕ್ಕೆ ಹಳೆಯ ಪುಸ್ತಕದ ಹಾಗೆಯೇ ನಿಲ್ಲಿಸಿತು. ಪೀಳಿಗೆಯ ಪದ್ಯವನ್ನೂ ಕೇಳಿ ಹಾಕಿಕೊಂಡಿತು. ಮನೆತನಕ್ಕೊಂದು ಪದ್ಯವಿರುತ್ತದೆ, ಅದರ ಒಂದೊಂದು ಅಕ್ಷರ ಒಂದೊಂದು ಪೀಳಿಗೆಯ ಗಂಡುಮಕ್ಕಳ ಹೆಸರಿಗೆ ಸೇರುತ್ತದೆ. ಅಪ್ಪನ ಪೀಳಿಗೆಗೆ "ತಿಂಗ್," ಅದರ ಮುಂದಿನದಕ್ಕೆ "ಶಾವ್." ಕೆಂಪು ಗೆರೆಗಳು ಸರಸರ ಇಳಿಯತೊಡಗಿದಾಗ ಶಾವ್‌ಮಿನ್‌ಗೆ ಮೈ ಜುಮ್ಮೆಂದಿತು. ಆದರೆ ಅಜ್ಜನ ಎರಡನೇ ಮನೆ ಬರಲಿಲ್ಲ. ಹೆಣ್ಣುಮಕ್ಕಳ ಹೆಸರನ್ನೂ ಅವಳು ತುಂಬಿದ್ದರೂ ಅಪ್ಪನ ಕೆಳಗೆ ಖಾಲಿ.

ಕಂಪನಿಗೆ ಫೋನ್ ಹಚ್ಚಿದಳು. ಆ ಕಡೆ ಒಬ್ಬಳು ಹುಡುಗಿ.

"ಎರಡು ಮನೆಗೆ ಒಬ್ಬನೇ ಮಗನಾ? ಅದಕ್ಕೆ ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಇದೆ ಅಕ್ಕಾ. 'ಬೇರೆ ದಾರಿಯ ಮುಂದುವರಿಕೆ' ಅಂತ. ಹಾಕಿ ನೋಡಿ."

ಶಾವ್‌ಮಿನ್ ಟಿಕ್ ಹಾಕಿದಳು. ಅಜ್ಜನಿಗೆ ಇಬ್ಬರು ಅಪ್ಪಂದಿರಿಂದಲೂ ಗೆರೆ ಬಂತು. ಹಾಗೇ ಪುಟದ ಎಡಗಡೆ ಇನ್ನೇನೋ ಕೆಂಪಗೆ ಕಂಡಿತು. ತಿಂಗ್‌ಹುವಾ ಎಂಬ ಹೆಸರಿನಿಂದ ಒಂದು ಗೆರೆ ಇಳಿದು ಅವಳ ಹೆಸರನ್ನು ಮುಟ್ಟಿತ್ತು.

"ಇದೇನಿದು? ನಾನು ಬಂದಿದೀನಲ್ಲ!"

"ಹೌದಕ್ಕಾ, ದತ್ತು, ಎರಡು ಮನೆ, ಮಗಳ ಕಡೆಯಿಂದ, ಎಲ್ಲಾ ಆ ಒಂದೇ ಟಿಕ್‌ನಲ್ಲಿ. ಬೇಡ ಅಂದ್ರೆ ಹೇಳಿ, ಬೇರೆ ಬೇರೆ ಮಾಡಿಕೊಡ್ತೀವಿ. ಒಂದು ವಾರ ಬೇಕು."

"ಬೇಡ! ಸದ್ಯಕ್ಕೆ ಏನೂ ಮುಟ್ಟಬೇಡಮ್ಮಾ!" ಶಾವ್‌ಮಿನ್ ಕಿರುಚಿದ್ದಕ್ಕೆ ಬಟ್ಟೆ ಅಂಗಡಿಯವನು ಓಡಿ ಬಂದ.

ಅಂಗಡಿ ಮುಚ್ಚಿ, ಸ್ಕೂಟರ್ ಹತ್ತಿ, ನೇರ ಊರಿಗೆ ಹೋದಳು. ಅಪ್ಪ ತೋಫು ಕಟ್ಟಿದ ಬಟ್ಟೆಯ ಮೇಲೆ ಕಲ್ಲು ಹೇರುತ್ತಿದ್ದ. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. "ಅಜ್ಜನಿಗೋಸ್ಕರ ಹೇಗೂ ಟಿಕ್ ಹಾಕಲೇಬೇಕು ಅಪ್ಪಾ. ನಾನು ಬಾಯಿ ಬಿಡಲ್ಲ. ಪುಸ್ತಕ ಅಚ್ಚಾಗಿ ಬಂದ ಮೇಲೆ ಯಾರು ಏನು ಮಾಡ್ತಾರೆ?"

ಅಪ್ಪ ಕೈ ಒರೆಸಿಕೊಂಡ. "ಕದ್ದು ಒಳಗೆ ನುಗ್ಗೋದೇ ಆಗಿದ್ರೆ ನಾನು ಇಷ್ಟು ವರ್ಷ ಆಚೆ ಯಾಕೆ ಕೂತಿದ್ದೆ? ಎಲ್ಲರ ಮುಂದೆ ತೋರಿಸು. ಆಗಲ್ಲ ಅಂದ್ರೆ ಬಿಡು."

"ಆಗಲ್ಲ ಅಂದ್ರೆ ನಿನ್ನ ಕೆಳಗೆ 'ನಿಂತಿತು' ಅಂತ ಬರೀತಾರೆ."

"ಬರೀಲಿ. ಅದು ಸುಳ್ಳು ಅಂತ ನಂಗೆ ಗೊತ್ತಲ್ಲ," ಎಂದ ಅಪ್ಪ. ಆದರೆ ಆಗಲೇ ಹೇರಿದ್ದ ಕಲ್ಲನ್ನು ಮತ್ತೆ ಎತ್ತಿ, ಮತ್ತೆ ಅಲ್ಲೇ ಇಟ್ಟ.

ಹೊಸವರ್ಷದ ಹದಿನೈದನೇ ದಿನ ಬರುವ ದೀಪದ ಹಬ್ಬ ಮುಗಿದ ಮಾರನೆಯ ಬೆಳಗ್ಗೆ, ರಜೆಗೆ ಬಂದವರು ಇನ್ನೂ ಊರಲ್ಲೇ ಇದ್ದಾಗ ಮಂದಿರದಲ್ಲಿ ಸಭೆ ಸೇರಿತು. ಹಿರಿಯರ ಹೆಸರು ಕೆತ್ತಿದ ಹಲಗೆಗಳ ಮುಂದೆ ಒಂದು ಹಾಸಿಗೆಬಟ್ಟೆ ಕಟ್ಟಿ ಪ್ರಾಜೆಕ್ಟರ್ ಇಟ್ಟರು. ಎಲ್ಲರ ಕೈಯಲ್ಲೂ ಕಡಲೆಕಾಯಿ. ಅಪ್ಪ ಎಂದಿನಂತೆ ಊಟದ ತೋಫು ಒಳಗೆ ಕಳಿಸಿ ಹೊಸ್ತಿಲಿನ ಆಚೆ.

"ಏ ಹುಡುಗಿ, ಇದೂ ನನ್ನ ಅಮ್ಮನ ಮದುವೆ ವಿಷಯ ಕೇಳುತ್ತಾ?" ನಾಲ್ಕನೇ ಅಜ್ಜ ಮುಂದಿನ ಬೆಂಚಿನಿಂದ ಕೂಗಿದ. ಆ ಸುದ್ದಿ ಹೇಗೋ ಅವನಿಗೆ ಮುಟ್ಟಿತ್ತು.

"ಇಲ್ಲ ಅಜ್ಜಾ, ಇದು ಮರ್ಯಾದಸ್ಥ ಸಾಫ್ಟ್‌ವೇರು," ಎಂದಳು ಶಾವ್‌ಮಿನ್. ನಗೆ ಎದ್ದಿತು.

ಬಟ್ಟೆಯ ಮೇಲೆ ಅಜ್ಜನಿದ್ದ ಪುಟ ಮೂಡಿ ಗೆರೆಗಳು ಇಳಿದವು. "ಅಗೋ ನಮ್ಮ ತಾತ!" "ಇಗೋ ನಾನು!" ಎಂದು ಗದ್ದಲವೋ ಗದ್ದಲ. ಅಜ್ಜ ತನ್ನ ಇಬ್ಬರು ಅಪ್ಪಂದಿರನ್ನು ಅಕ್ಕಪಕ್ಕ ಕಂಡು ತೊಡೆ ತಟ್ಟಿಕೊಂಡ. ಆಗ ದೊಡ್ಡಪ್ಪ ಎದ್ದು ಬಟ್ಟೆಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದ.

"ಇದೇನು? ತಿಂಗ್‌ಹುವಾ ಕೆಳಗೆ ನೀನು ಹೇಗೆ ಬಂದೆ?"

ಶಾವ್‌ಮಿನ್ ಒಂದನ್ನೂ ಬಚ್ಚಿಡದೆ ಹೇಳಿದಳು. ಟಿಕ್ ಒಂದೇ. ಅದು ಎರಡು ಮನೆಯ ಮಗನಿಗೂ ಗೆರೆ ಎಳೆಯುತ್ತದೆ, ಮಗಳಿಗೂ ಎಳೆಯುತ್ತದೆ.

"ತೆಗಿ ಮೊದಲು," ಎಂದ ದೊಡ್ಡಪ್ಪ.

ಅವಳು ತೆಗೆದಳು. ಅವಳ ಹೆಸರು ಹೋಯಿತು. ಅದರ ಜೊತೆಗೆ ಅಜ್ಜನ ಎರಡನೇ ಮನೆಯೂ ಹೋಯಿತು. ಕಿರಿಮಗ, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲ ಮಾಯ. ಅಜ್ಜನ ದೊಡ್ಡಪ್ಪನ ಕೆಳಗೆ ಕಪ್ಪಗೆ "ನಿಂತಿತು" ಎಂದು ಬಿತ್ತು.

"ಅಯ್ಯೋ, ನಾನಿಲ್ಲೇ ಕೂತು ಕಡಲೆಕಾಯಿ ತಿಂತಾ ಇದೀನಲ್ಲ!" ಎಂದು ಅಜ್ಜನ ಒಬ್ಬ ಮೊಮ್ಮಗ ಎದ್ದು ನಿಂತ. ಮಂದಿರ ಮತ್ತೆ ಗೊಳ್ಳೆಂದಿತು. ಅಜ್ಜ ಮಾತ್ರ ನಗಲಿಲ್ಲ. ಅವನ ಕಣ್ಣು ಆ ಒಂದು ಕಪ್ಪು ಮಾತಿನ ಮೇಲೇ ಇತ್ತು.

"ಎರಡನ್ನೂ ಬೇರೆ ಮಾಡೋಕಾಗಲ್ವಾ?" ದೊಡ್ಡಪ್ಪ ಕೇಳಿದ.

ಇಲ್ಲ ಎಂದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಶಾವ್‌ಮಿನ್ ಬಾಗಿಲ ಕಡೆ ನೋಡಿದಳು. ಅಪ್ಪನ ಬೆನ್ನು ಕಾಣುತ್ತಿತ್ತು.

"ಆಗುತ್ತೆ ದೊಡ್ಡಪ್ಪಾ. ಕೇಳಿದ್ರೆ ವಾರದಲ್ಲಿ ಮಾಡಿಕೊಡ್ತಾರೆ."

"ಹಾಗಾದ್ರೆ ಮಾಡಿಸು. ತಪ್ಪು ತಿಳೀಬೇಡ ಮಗಳೇ. ನೀನು ಮದುವೆಯಾಗಿ ಹೋದವಳು, ನಿನ್ನ ಮಗಳು ಅವಳಪ್ಪನ ಮನೆತನದ ಹೆಸರು ಹೊತ್ತವಳು. ಆ ಗೆರೆ ಮುಂದೆ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗಾದ್ರೂ ಹೋಗ್ಲಿ ಕಣೋ!" ನಾಲ್ಕನೇ ಅಜ್ಜ ಕೋಲು ಕುಟ್ಟಿ ಎದ್ದ. "ನಿಲ್ಲದೇ ಇದ್ರೆ ಸಾಕು. ತಿಂಗ್‌ಗುಯ್, ನೀನು ಲೆಕ್ಕದಲ್ಲಿ ಜಾಣ, ಈ ಲೆಕ್ಕ ಹೇಳು. ನನ್ನ ದೊಡ್ಡಪ್ಪನಿಗೆ ನಾನು ಹುಟ್ಟಿದೆನಾ?"

"ಇಲ್ಲ ಅಜ್ಜಾ."

"ಆದ್ರೂ ನಂಗೆ ಗೆರೆ ಎಳೆದ್ರು. ಈ ಹುಡುಗಿ ತಿಂಗ್‌ಹುವಾಗೆ ಹುಟ್ಟಿದವಳಾ, ಅಲ್ವಾ?"

ದೊಡ್ಡಪ್ಪ ಹೌದೆಂದು ತಲೆಯಾಡಿಸಿದ.

"ಹುಟ್ಟದೇ ಇರೋ ನಂಗೆ ಗೆರೆ ಇದೆ, ಹುಟ್ಟಿದ ಇವಳಿಗೆ ಇಲ್ಲ ಅಂದ್ರೆ, ನಾನು ದಿನಾ ಊದುಬತ್ತಿ ಹಚ್ಚಿ ಆ ದೊಡ್ಡಪ್ಪನ ಮುಖ ಹೇಗೆ ನೋಡ್ಲಿ? ನಂಗೆ ಬೇಡ ನಿನ್ನ ಬೇರೆ ಟಿಕ್ಕು. ಇಬ್ಬರಿಗೂ ಒಂದೇ ಇರಲಿ. ಇಲ್ಲಾಂದ್ರೆ ನನ್ನದೂ ಅಳಿಸಿ."

ಹಿಂದಿನ ಸಾಲಿನಲ್ಲಿ ನಿಂತಿದ್ದ ಸೊಸೆಯರೊಳಗೆ ಯಾರೋ "ನನ್ನ ಮಗಳದ್ದೂ ಬರುತ್ತಾ?" ಎಂದು ಪಿಸುಗುಟ್ಟಿದರು. "ನನ್ನ ಇಬ್ಬರು ಹೆಣ್ಣುಮಕ್ಕಳದ್ದೂ?" ಎಂದಿತು ಇನ್ನೊಂದು ದನಿ. ದೊಡ್ಡಪ್ಪ ಬಟ್ಟೆಯ ಅಂಚು ಸರಿಸಿ ಹಿಂದಿನ ಹಲಗೆಗಳಿಗೆ ಕೈಮುಗಿದ. ಆಮೇಲೆ ತಿರುಗಿ ಬಾಗಿಲಿಗೆ ನಡೆದ. ಹೊಸ್ತಿಲಿನ ಈಚೆಯೇ ನಿಂತು ಕರೆದ.

"ಏ ತಿಂಗ್‌ಹುವಾ, ಒಳಗೆ ಬಾರೋ. ನಿನ್ನ ಮಗಳು ಏನೋ ತೋರಿಸ್ತಾಳಂತೆ."

ಅಪ್ಪ ಬೀಡಿ ಆರಿಸಿದ. ಚಪ್ಪಲಿಯ ಕೆಸರು ಉಜ್ಜಿದ. ಹೊಸ್ತಿಲು ದಾಟುವಾಗ ಅಣ್ಣ ಚಾಚಿದ ಕೈಯನ್ನು ಹಿಡಿದುಕೊಂಡ. ಬಟ್ಟೆಯ ಮುಂದೆ ಬಂದು ನಿಂತಾಗ ಬೆಳಕು ಅವನ ಅಂಗಿಯ ಮೇಲೂ ಬಿತ್ತು.

ಶಾವ್‌ಮಿನ್ ಟಿಕ್ ಹಾಕಿದಳು. ಈ ಸಲ ಉಳಿದ ಪುಟಗಳನ್ನೂ ಒಂದೊಂದಾಗಿ ಸರಿಸಿದಂತೆ ಎಲ್ಲೆಲ್ಲೂ ಹೊಸ ಕೆಂಪು ಗೆರೆಗಳು ಚಿಗುರಿದವು. ಹಿಂದಿನ ಸಾಲಿನ ಹೆಂಗಸರು ಮುಂದಕ್ಕೆ ನುಗ್ಗಿದರು. ಸಾಫ್ಟ್‌ವೇರ್ ತನ್ನ ಪಾಡಿಗೆ ಪದ್ಯದ ಅಕ್ಷರವನ್ನು ಒಂದೊಂದು ಹೆಸರಿಗೂ ತಾಳೆ ನೋಡುತ್ತಾ ಹೋಯಿತು. ಹೊಸದಾಗಿ ಬಂದ ಹೆಣ್ಣುಮಕ್ಕಳ ಪಕ್ಕದಲ್ಲೆಲ್ಲ "ಪೀಳಿಗೆಯ ಅಕ್ಷರ ಇಲ್ಲ" ಎಂದು ಬಂತು. ಹೂವಿನ ಹೆಸರು, ಚಂದ್ರನ ಹೆಸರು, ಯಾರಿಗೂ ಆ ಅಕ್ಷರ ಕೊಟ್ಟಿರಲಿಲ್ಲ. ಶಾವ್‌ಮಿನ್ ಎಂಬಲ್ಲಿಗೆ ಬಂದಾಗ ಮಾತ್ರ ಹಸಿರು ಬಣ್ಣದಲ್ಲಿ "ಸರಿಯಾಗಿದೆ" ಎಂದು ಹೊಳೆಯಿತು.

ಗಂಡುಮಕ್ಕಳ "ಶಾವ್" ಹೊತ್ತವಳು, ಅಣ್ಣಂದಿರ ಅಂಗಿ ತೊಟ್ಟ ಹುಡುಗಿ ಎಂದು ಶಾಲೆಯಲ್ಲಿ ಅವಳ ಹೆಸರನ್ನು ಎಷ್ಟು ಆಡಿಕೊಂಡಿದ್ದರು! ಯಾಕಪ್ಪಾ ಇಂಥ ಹೆಸರಿಟ್ಟೆ ಎಂದು ಅವಳು ಎಷ್ಟು ಸಲ ಅತ್ತಿದ್ದಳು! ಅಪ್ಪ ಒಮ್ಮೆಯೂ ಉತ್ತರ ಹೇಳಿರಲಿಲ್ಲ. ಈಗ ಅವಳಿಗೆ ಬಟ್ಟೆಯ ಮೇಲಿನ ಅಕ್ಷರಗಳೆಲ್ಲ ಕಣ್ಣೀರಿನಲ್ಲಿ ಕಲಸಿಹೋದವು. ಅಳುವಾಗಲೇ ನಗುವೂ ಉಕ್ಕಿ ಬಂತು.

"ನೋಡ್ರೋ ಇವನನ್ನ," ಎಂದ ನಾಲ್ಕನೇ ಅಜ್ಜ. "ಈ ತೋಫು ಮುದುಕ, ಸಾಫ್ಟ್‌ವೇರ್ ಹುಟ್ಟೋಕೆ ಮುಂಚೇನೇ ಟಿಕ್ ಹಾಕಿಬಿಟ್ಟಿದ್ದ!"

ಅಪ್ಪ ತೋಳಿನಿಂದ ಮುಖ ಒರೆಸಿಕೊಂಡು, ಅಣ್ಣನ ಪಕ್ಕದ ಬೆಂಚಿನಲ್ಲಿ ಕೂತು, ಊಟಕ್ಕೆ ತನಗೂ ಒಂದು ಬಟ್ಟಲು ಇಡಿ ಎಂದ.