ಕತ್ತರಿಸುವುದೋ, ದಾರಿ ತಿರುಗಿಸುವುದೋ

“ಹೊಟ್ಟೆ ಕತ್ತರಿಸೋಕೆ ಡಾಕ್ಟರ್ ಯಾಕೋ ಡ್ರಮ್ಮು? ಬಾಯಿಗೆ ನಾಲ್ಕು ಹೊಲಿಗೆ ನಾನೇ ಹಾಕ್ತೀನಿ ಬಾ!”

ಅಣ್ಣನ ಮಾತಿಗೆ ಟೈಲರ್ ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಬಿದ್ದು ಬಿದ್ದು ನಕ್ಕರು.

ಬಟ್ಟೆ ಕತ್ತರಿಸುತ್ತಿದ್ದ ತಮ್ಮನು ಕತ್ತರಿ ಕೆಳಗಿಟ್ಟ. ತೂಕ ಇಳಿಸಲು ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆಸುವುದೋ, ಏನನ್ನೂ ತೆಗೆಯದೆ ಕರುಳನ್ನೇ ಬೇರೆ ದಾರಿಗೆ ಜೋಡಿಸುವುದೋ ಎಂದು ನಾಳೆ ಡಾಕ್ಟರಿಗೆ ಹೇಳಬೇಕಿತ್ತು. ಮೊದಲನೆಯದು ಸರಳ, ಆದರೆ ತೆಗೆದದ್ದು ಮತ್ತೆ ಬಾರದು. ಎರಡನೆಯದರಲ್ಲಿ ತೊಡಕು ಹೆಚ್ಚು. ‘ಪ್ಯಾಂಟಿನ ಒಳಗೆ ಎರಡು ಬೆರಳು ಬಟ್ಟೆ ಬಿಡೋ, ನಾಳೆ ಬಿಚ್ಚಿ ಸಡಿಲ ಮಾಡಬೇಕಾದೀತು’ ಎಂದು ಕಲಿಸಿದವನೇ ಈ ಅಣ್ಣ. ಅದಕ್ಕೇ ಅವನನ್ನು ಕೇಳಿದ್ದ. ಕೇಳಲು ಬೇರೆ ಯಾರೂ ಇರಲಿಲ್ಲ.

“ತಮಾಷೆಗಂದೆ ಕಣೋ. ನಾಳೆ ನಾನೊಬ್ನೇ ಬಂದ್ರೆ ಸಾಕಾ, ನಿನ್ನ ಎತ್ತೋಕೆ ಇನ್ನಿಬ್ರು ಬೇಕಾ?”

ಮತ್ತೆ ನಗು. ತಮ್ಮನು ಕೊರಳಲ್ಲಿದ್ದ ಅಳತೆ ಟೇಪು ತೆಗೆದಿಟ್ಟು, ಬೀದಿಗಿಳಿದು ನಡೆದುಬಿಟ್ಟ.