ಹೆಣ್ಣುಮಕ್ಕಳ ಕಡೆಯ ಚಿಪ್

ನಾನು ಒಂದು ಮೆಮೊರಿ ಕಾರ್ಡು. ಹುಟ್ಟಿದ್ದು ಪರದೇಶದ ಕಾರ್ಖಾನೆಯಲ್ಲಿ, ಧೂಳಿಗೂ ಪ್ರವೇಶವಿಲ್ಲದ ಕೋಣೆಯಲ್ಲಿ. ಬಂದು ಸೇರಿದ್ದು ಸವಣೂರಿನ ಶೇಖರಪ್ಪನ ಫೋಟೋ ಸ್ಟುಡಿಯೋವನ್ನು. ಅಲ್ಲಿ ಧೂಳಿಲ್ಲದ ಜಾಗವೇ ಇರಲಿಲ್ಲ. ಅಂಚೆಚೀಟಿಯಷ್ಟು ಮೈ, ಪಕ್ಕದಲ್ಲೊಂದು ಪುಟ್ಟ ಬೀಗ, ಇಷ್ಟೇ ನಾನು.

ನಾಲ್ಕು ವರ್ಷ ಊರಿನ ಮದುವೆಗಳನ್ನು ನುಂಗಿದೆ. ಆಮೇಲೆ ಶೇಖರಪ್ಪ, ನನ್ನಂಥವರ ಫೋಟೋಗಳನ್ನೆಲ್ಲ ಕಂಪ್ಯೂಟರಿನಲ್ಲಿ ತುಂಬಿಡುವ ಒಂದು ಎಸ್‌ಎಸ್‌ಡಿ ತಂದು, ಹೊಸ ಬೈಕನ್ನು ಒರೆಸುವಂತೆ ಒರೆಸಿ ಮೇಜಿನ ಮೇಲಿಟ್ಟ.

"ಸೆಕೆಂಡಿಗೆ ಸಾವಿರ ಎಂಬಿ ಎಳೀತದ. ಈ ಚಿಪ್ ಬರೇ ತೊಂಬತ್ತು. ಎತ್ತಿನ ಗಾಡಿ," ಎಂದ ಹೆಂಡತಿ ದಾಕ್ಷಾಯಣಿಗೆ.

"ಲಾರಿ ತಂದು ನಿಲ್ಲಿಸಿದ್ರೂ ಗಾಡಿ ಬಂದಾಗನ ಮಾಲು ತುಂಬಬೇಕಲ್ರೀ."

"ನಿನಗ ತಿಳಿಯಂಗಿಲ್ಲ ಬಿಡು."

ತಿಳಿಯದಿದ್ದದ್ದು ಅವನಿಗೆ. ಸಾವಿರದ ಆ ಸರದಾರ ನನ್ನ ಮುಂದೆ ಬಾಯಿ ತೆರೆದು, ನಾನು ಕೊಟ್ಟ ತೊಂಬತ್ತನ್ನೇ ಕುಡಿಯುತ್ತಿದ್ದ. ಜಿಬಿ ಲೆಕ್ಕದಲ್ಲಿ ಅವನೇ ಅಗ್ಗವಂತೆ. ಇರಲಿ. ಅವನನ್ನು ಶೇಖರಪ್ಪನ ಕ್ಯಾಮೆರಾದೊಳಗೆ ತುರುಕಲು ಬರುತ್ತದೆಯೇ?

ಮುಸಲ್ಮಾನರ ಮದುವೆಗಳಲ್ಲಿ ಹೆಣ್ಣುಮಕ್ಕಳ ಕಡೆಯ ಫೋಟೋ ತೆಗೆಯುವುದು ದಾಕ್ಷಾಯಣಿಯ ಕೆಲಸ. ಕಂಪ್ಯೂಟರನ್ನು ಮಾತ್ರ ಗಂಡ ಅವಳಿಗೆ ಮುಟ್ಟಗೊಡುತ್ತಿರಲಿಲ್ಲ. ಮೆಹಮೂದಾ ಎಂಬಾಕೆ ಮಗಳ ಮೆಹಂದಿಗೆ ಕರೆದಾಗ ಒಂದೇ ಮಾತು ಹೇಳಿದ್ದಳು: "ಅಕ್ಕಾ, ಫೋಟೋ ಗಂಡಸರ ಕಣ್ಣಿಗೆ ಬೀಳಬಾರದು. ಚಿಪ್ ನಮ್ಮ ಕೈಗೇ ಕೊಡ್ರಿ."

ಅಂದು ನನ್ನೊಳಗೆ ಬಂದದ್ದು ಬಿಚ್ಚಿದ ಜಡೆ, ಮೊಣಕೈವರೆಗಿನ ಹಸಿ ಮೆಹಂದಿ, ಎರಡು ಹೆಜ್ಜೆ ಕುಣಿದು ನಾಚಿದ ಮೆಹಮೂದಾ. ಯಾರೂ ಸೆರಗು ಸರಿಪಡಿಸಿಕೊಳ್ಳಲಿಲ್ಲ. ಇಷ್ಟು ನಂಬಿಕೆಯನ್ನು ದಾಕ್ಷಾಯಣಿಯ ಕೈಯಲ್ಲಿ ಯಾರೂ ಇಟ್ಟಿರಲಿಲ್ಲ. ಗದ್ದಲದಲ್ಲಿ ಮೆಹಮೂದಾ, "ನಾಳೆ ಕೊಡ್ರಿ," ಎಂದಳು. ದಾಕ್ಷಾಯಣಿ ನನ್ನ ಪಕ್ಕದ ಬೀಗವನ್ನು ಜಾರಿಸಿ ಹಾಕಿ, ಇನ್ನು ಯಾರೂ ನೋಡಲಾರರೆಂದು ನೆಮ್ಮದಿಯಿಂದ ಮನೆಗೆ ತಂದಳು.

ಬೀಗ ಹಾಕಿದರೆ ನನ್ನ ಮೇಲೆ ಬರೆಯಲಾಗದು, ಅಳಿಸಲಾಗದು. ಓದಲು ತಡೆಯಿಲ್ಲ. ಮರುದಿನ ಅವಳು ರೊಟ್ಟಿ ಬಡಿಯುತ್ತಿದ್ದಾಗ ಶೇಖರಪ್ಪ ನನ್ನನ್ನು ಬ್ಯಾಗಿನಿಂದ ತೆಗೆದು ಪೂರಾ ಕಾಪಿ ಮಾಡಿದ.

ಅವಳು ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಪರದೆಯ ಮೇಲೆ ಮದುಮಗಳು ನಗುತ್ತಿದ್ದಳು.

"ಲಾಕ್ ಮಾಡಿದ್ನಲ್ರೀ."

"ಲಾಕ್ ಮಾಡಿದ್ರ ಓದಾಕ ಬರಂಗಿಲ್ಲೇನು? ಹುಚ್ಚಿ. ಚಲೋ ತಗದಿ. ಸ್ಯಾಂಪಲ್ ಆಲ್ಬಮ್ಮಿಗೆ ಹಾಕೋಣಂತ."

"ಎಷ್ಟು ನೋಡೀರಿ?"

"ಮೂರೋ ನಾಲ್ಕೋ. ಅದೇನು ದೊಡ್ಡ ವಿಷಯ?"

ಅವಳು ಕುರ್ಚಿ ಎಳೆದು ಕುಳಿತಳು. "ಅಳಸೂದು ಹೆಂಗ, ತೋರಸ್ರಿ."

ತೋರಿಸಿದ, ಗೊಣಗುತ್ತ. ಗುಂಡಿಯನ್ನು ಅವಳೇ ಒತ್ತಿದಳು. ಆ ಸರದಾರ ಕ್ಷಣದಲ್ಲಿ ಎಲ್ಲ ಮರೆತ. ಅವನ ವೇಗ ನಿಜವಾಗಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಸುಮ್ಮನೆ ನನ್ನನ್ನು ಕೊಟ್ಟು ಬರಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಮೆಹಮೂದಾಳ ಅಡಿಗೆಮನೆಯಲ್ಲಿ ನನ್ನನ್ನು ಆಕೆಯ ಕೈಗಿಟ್ಟು, "ನಮ್ಮ ಮನಿಯವ್ರು ಮೂರ್ನಾಲ್ಕು ನೋಡಿಬಿಟ್ರು. ತಪ್ಪು ನಂದು. ಕಾಪಿ ನಾನ ಅಳಸೀನಿ," ಎಂದಳು.

ಒಲೆಯ ಮೇಲೆ ಹಾಲು ಉಕ್ಕಿ ಬಂತು. ಮೆಹಮೂದಾ ಅದನ್ನು ಇಳಿಸಿ ಕೇಳಿದಳು, "ಹೇಳದಿದ್ರ ನಮಗ ಗೊತ್ತಾಗ್ತಿತ್ತೇನು?"

"ಇಲ್ಲ."

"ಮುಂದಿನ ತಿಂಗಳು ನನ್ನ ತಂಗಿ ಮಗಳದು ಮೆಹಂದಿ. ಬರ್ರಿ. ಚಿಪ್ ನಾವೇ ತರ್ತೀವಿ. ಮುಗಿದ ಕೂಡ್ಲೇ ನಾವೇ ತಕ್ಕೋತೀವಿ."

ಪೆಟ್ಟು ಬಿದ್ದಂತೆಯೂ ಬಾಗಿಲು ತೆರೆದಂತೆಯೂ ಇದ್ದ ಆ ಮಾತಿಗೆ ದಾಕ್ಷಾಯಣಿ ತಲೆಯಾಡಿಸಿದಳು.

ಈಗ ನಾನು ಮೆಹಮೂದಾಳ ಬಳೆಪೆಟ್ಟಿಗೆಯಲ್ಲಿದ್ದೇನೆ. ಕರೆಂಟಿನ ಮುಖ ಕಾಣದೆ ಹೀಗೇ ಬಿದ್ದರೆ ನನ್ನೊಳಗಿನ ಮುಖಗಳು ಒಂದು ದಿನ ಮಾಸುತ್ತವೆ. ಮಾಸಲಿ. ಸ್ಟುಡಿಯೋದಲ್ಲಿ ಸರದಾರ ಊರಿನ ಎಲ್ಲರನ್ನೂ ತುಂಬಿಕೊಂಡು ಬೀಗುತ್ತಿರಬಹುದು. ಅಲ್ಲಿ ಯಾರು ಬೇಕಾದರೂ ಯಾರನ್ನು ಬೇಕಾದರೂ ತೆರೆದು ನೋಡುತ್ತಾರೆ. ನನ್ನನ್ನು ತೆರೆಯಬೇಕಾದರೆ ಒಬ್ಬ ಹೆಂಗಸನ್ನು ಕೇಳಬೇಕು.