ಗಗನಯ್ಯ ಕರೆದು ತರದ ಹೆಣ್ಣು

"ಈ ಗ್ರಹ ಎಲ್ಲೈತ್ರಿ, ಅಕ್ಕಾರ?"

ಅಂದಾನೆಪ್ಪ ಮಾಸಪತ್ರಿಕೆಯನ್ನು ಹೊಲಿಗೆ ಯಂತ್ರದ ಮೇಲಿಟ್ಟು ಬೆರಳಿಂದ ತೋರಿಸಿದ. ಪೂರ್ಣಿಮಾಳ ಕಾಲು ಪೆಡಲಿನ ಮೇಲೆಯೇ ನಿಂತಿತು. ಹಳಿಯಾಳದ ಆ ಓಣಿಯಲ್ಲಿ ಅವಳನ್ನು ರವಿಕೆ ಹೊಲಿಯುವವಳೆಂದು ಬಲ್ಲವರೇ ಹೆಚ್ಚು. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರಿ ಕಳೆದುಹೋದವರನ್ನು ಹುಡುಕಿಕೊಡುವ ಖಾಸಗಿ ಪತ್ತೇದಾರ ಗಗನಯ್ಯನ ಕಥೆಗಳನ್ನು ಬರೆಯುವವಳೂ ಅವಳೇ ಎಂದು ಬಲ್ಲವರು ಕಡಿಮೆ. ಆ ಕಡಿಮೆ ಜನರೊಳಗೆ ಈ ಮನುಷ್ಯನೂ ಒಬ್ಬನಿರಬೇಕೆ.

ಅವನೇನು ಓದುವ ಕುಳವಲ್ಲ, ಕಬ್ಬಿನ ಟ್ರ್ಯಾಕ್ಟರು ಹೊಡೆಯುವವನು. ಕಾರ್ಖಾನೆಯ ಮುಂದೆ ಪಾಳಿ ಹಚ್ಚಿ ಕೂತರೆ ಹಗಲೆಲ್ಲ ಮುಂದೆ ಸರಿಯುವ ಮಾತಿಲ್ಲ. ಅಲ್ಲಿ ಡ್ರೈವರುಗಳ ಕೈಯಿಂದ ಕೈಗೆ ಓಡಾಡುವ ಪುಸ್ತಕಗಳಲ್ಲಿ ಗಗನಯ್ಯ ಸಿಕ್ಕಿದ್ದ.

"ಭಾರಿ ಬರದೀರಿ," ಅಂದ. "ಅಂವಾ ಯಾರನ್ನ ಹುಡುಕಾಕ ಹ್ವಾದ್ರೂ ಬರಿಗೈಲೆ ಬಂದಿಲ್ಲ. ಈ ಸಲಾನೂ ಆಕೀನ್ನ ಹುಡುಕಿದ. ಆದ್ರ ಕರಕೊಂಡು ಬರಲಿಲ್ಲ. ಯಾಕ್ರಿ?"

"ಕಥಿ ಅದು, ಅಂದಾನೆಪ್ಪನವರ. ಗ್ರಹಾನೂ ಇಲ್ಲ, ಆಕೀನೂ ಇಲ್ಲ."

"ಬಲಗೈ ಬಳಿ ಬಿಚ್ಚಿ ಎಡಗೈಗೆ ಹಾಕ್ಕೊಂಡು ರೊಟ್ಟಿ ಬಡಿಯಾಕಿ ನನ್ನ ಹೇಣ್ತಿ ಶಿವಗಂಗಾ ಒಬ್ಬಾಕೀನರಿ. ಇಷ್ಟು ವರ್ಷ ಮುಂದ ಕುಂತು ಉಂಡೇನಿ, ನನಗ ಗೊತ್ತಾಗೂದಿಲ್ಲೇನು?"

ಕಥೆಯ ಹೆಣ್ಣು ಬಳೆ ಬಿಚ್ಚುವುದೂ ಹಾಗೆಯೇ, ಹಾಗೆಂದು ಬರೆದವಳು ಪೂರ್ಣಿಮಾಳೇ. ಬರೆಯುವಾಗ ಎಷ್ಟು ಚಂದ ಅನ್ನಿಸಿತ್ತು ಆ ಸಾಲು. ಬೇರೆ ಗ್ರಹದ ಅಡುಗೆಮನೆಯನ್ನು ಓದುವವರು ನಂಬಬೇಕಾದರೆ ಭೂಮಿಯ ಒಂದು ಚೂರನ್ನಾದರೂ ಅಲ್ಲಿಡಬೇಕು ಎಂದು ತನ್ನ ಜಾಣತನಕ್ಕೆ ತಾನೇ ಬೀಗಿದ್ದಳು. ಮನೆ ಬಿಟ್ಟು ಓಡಿಬಂದ ಶಿವಗಂಗಾಳನ್ನು ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಕರೆದೊಯ್ದು ಅಜ್ಜಿಯೊಬ್ಬಳ ಹೋಟೆಲಿನಲ್ಲಿ ಅಡುಗೆಗೆ ಸೇರಿಸಿ ಬಂದವಳು ಇವಳೇ. ಬಂದ ಮೇಲೆ ಕೈ ಸುಮ್ಮನಿರಬೇಕಲ್ಲ. ಕೆಂಪು ನಿಲುವಂಗಿಯ ಜನ, ಸಾಲು ಸಾಲು ಬೆಣ್ಣೆದೀಪ, ಎಲ್ಲವನ್ನೂ ಎತ್ತಿ ಗ್ರಹವೊಂದಕ್ಕೆ ಏರಿಸಿಬಿಟ್ಟಳು. ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಳ್ಳುವವರುಂಟು. ಇವಳು ಗೆಳತಿಯ ಕಾಲ ಮೇಲೆ ಹಾಕಿದ್ದಳು.

"ಕೆಂಪು ಅರಿವಿ, ಬೆಣ್ಣಿ ದೀಪ," ಅಂದಾನೆಪ್ಪ ಹಾಳೆ ತಿರುವಿದ. "ಮುಂಡಗೋಡ ಕ್ಯಾಂಪ್ ಅಲ್ಲೇನ್ರಿ ಇದು?"

ಅವಳು ತಲೆ ಎತ್ತಲಿಲ್ಲ. ಸೂಜಿಗೆ ದಾರ ಪೋಣಿಸುತ್ತ, "ಆಕಿ ಬಳಿ ಯಾಕ ಬಿಚ್ಚತಾಳ, ಗೊತ್ತೇನು ನಿಮಗ?" ಎಂದು ಕೇಳಿದಳು.

"ಚಾಳಿರಿ. ಚಾಳಿಗೆ ಯಾಕ ಏನ ಬಂತು."

ಅವನೇ ಮುರಿದ ಮಣಿಕಟ್ಟು ಅದು. ಸೊಟ್ಟಗೆ ಕೂಡಿಕೊಂಡಿತ್ತು. ರೊಟ್ಟಿ ಬಡಿಯುವಾಗ ಬಳೆ ತಾಗಿದರೆ ಜೀವ ಹೋದಂತಾಗುತ್ತದೆ ಎಂದು ಶಿವಗಂಗಾ ಇದೇ ಕೋಣೆಯಲ್ಲಿ, ತೋಳಿನ ಅಳತೆ ಕೊಡುತ್ತ ಹೇಳಿದ್ದಳು. ಬಿಚ್ಚಿ ಹಾಕಲು ಸಲೀಸಾಗಲಿ ಎಂದು ಬಳೆಗಾರನ ಹತ್ತಿರ ಒಂದು ಅಳತೆ ದೊಡ್ಡದನ್ನೇ ಕೇಳಿ ಇಡಿಸಿಕೊಳ್ಳುತ್ತಿದ್ದಳು. ಈ ಪುಣ್ಯಾತ್ಮನಿಗೆ ಅದು ನೆನಪೇ ಇಲ್ಲ. ಪೂರ್ಣಿಮಾಳಿಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಬಂತು.

"ಮುಂಡಗೋಡ ಅಲ್ಲ," ಅಂದಳು. "ಮೈಸೂರ ಆಚೆ ಬೈಲಕುಪ್ಪಿ ಅಂತ ಐತಿ. ಅಲ್ಲೂ ಅವರದ ಕ್ಯಾಂಪ್. ಆಕೀನ್ನ ಅಲ್ಲೇ ನೋಡಿದೆ."

ಅವನು ಅವಳ ಮುಖವನ್ನೇ ನೋಡುತ್ತ ನಿಂತ. "ಗಗನಯ್ಯ ಎಂದೂ ಸುಳ್ಳು ಹೇಳೂದಿಲ್ಲರಿ," ಅಂದವನು ಪುಸ್ತಕ ಮಡಚಿ ಕಂಕುಳಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಅಲ್ಲಿಂದ ಮೈಸೂರಿನ ದಾರಿ ಹಿಡಿದು ಹುಬ್ಬಳ್ಳಿಗೂ ಹೋಗಬಹುದು, ಮುಂಡಗೋಡಕ್ಕೂ ಹೋಗಬಹುದು. ಯಾವ ಬಸ್ಸು ಹತ್ತುತ್ತಾನೋ ಅವಳ ಬಾಗಿಲಿನಿಂದ ಕಾಣುವಂತಿರಲಿಲ್ಲ.

ಅವನು ಮರೆಯಾಗುತ್ತಲೇ ಫೋನು ಹಚ್ಚಿದಳು.

"ಹೇಳ ಪೂರ್ಣಿ," ಅಂದಳು ಶಿವಗಂಗಾ.

"ನಿಮ್ಮ ಮನಿಯವರು ನನ್ನ ಕಥಿ ಓದ್ಯಾರ. ಗುರುತು ಹಿಡದಾರ. ತಪ್ಪು ನಂದವಾ. ನೀ ಅಲ್ಲಿಂದ ಹೊರಡು, ಈಗಿಂದೀಗ."

ಆ ಕಡೆ ಒಲೆ ಭುಸುಗುಡುತ್ತಿದ್ದುದು, ಅಜ್ಜಿ ಯಾರಿಗೋ ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದುದು ಕೇಳಿತು.

"ಇಲ್ಲಿ ನಿದ್ದಿ ಹತ್ತಾಕತ್ತಿತ್ತು ನನಗ," ಅಂದಳು ಶಿವಗಂಗಾ. "ಹಿಟ್ಟು ನಾದಿಟ್ಟೇನಿ. ಅಜ್ಜಿಗೆ ನಾಕ ರೊಟ್ಟಿ ಬಡದಿಟ್ಟು ಹೋಗ್ತೇನಿ. ನೀ ಫೋನ್ ಇಡಬ್ಯಾಡ."

ಪೂರ್ಣಿಮಾ ಇಡಲಿಲ್ಲ. ಕಿವಿಗೆ ಒತ್ತಿಕೊಂಡು ಕೂತಳು. ಆ ಕಡೆ ಬಳೆಗಳು ಒಂದೊಂದಾಗಿ ಕೈಯಿಂದ ಕೈಗೆ ಹೋಗುತ್ತಿದ್ದ ಸದ್ದು ಕೇಳಿಸಿತು.